ತಕಹಾಶಿಯವರ ಬಜೆಟ್

ಜಪಾನಿನ ಹಣಕಾಸು ಸಚಿವರಾಗಿದ್ದ ತಕಹಾಶಿ ಕೊರೆಕಿಯೊ ಅವರ ಬಗ್ಗೆ ಓದಿದಾಗಿನಿಂದ ಮನಸ್ಸು ಭಾರವಾಗಿದೆ. 1904-05ರಲ್ಲಿ ರಷ್ಯಾ ವಿರುದ್ಧದ ಯುದ್ಧಕ್ಕೆ ಲಂಡನ್, ನ್ಯೂಯಾರ್ಕ್‌ಗಳಲ್ಲಿ ಸಾಲ ಎತ್ತಿ ತಂದವರು ಇವರೇ. ಆ ಗೆಲುವಿನಿಂದ ಸೇನೆಯ ಮೇಲೆ ಹುಟ್ಟಿದ ನಂಬಿಕೆ ಎಷ್ಟು ಬಲಿತಿತ್ತೆಂದರೆ, 1931ರಲ್ಲಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ ಜಪಾನಿನ ಸೇನಾಧಿಕಾರಿಗಳು ತಾವೇ ರೈಲು ಹಳಿ ಸ್ಫೋಟಿಸಿ, ತಪ್ಪನ್ನು ಚೀನೀಯರ ಮೇಲೆ ಹೊರಿಸಿ ದಾಳಿಗಿಳಿದಾಗ, ಟೋಕಿಯೊದ ಸರ್ಕಾರಕ್ಕೆ ಅವರನ್ನು ತಡೆಯಲಾಗಲಿಲ್ಲ. ಪತ್ರಿಕೆಗಳಂತೂ ಹಾಡಿ ಹೊಗಳಿದವು.

ಸೇನಾ ವೆಚ್ಚ ಹೀಗೇ ಏರಿದರೆ ದೇಶದ ಹಣಕಾಸು ಕುಸಿಯುತ್ತದೆಂದು ತಕಹಾಶಿಯವರು ಅದಕ್ಕೆ ಕಡಿವಾಣ ಹಾಕಲು ಹೊರಟರು. 1936ರ ಫೆಬ್ರವರಿ 26ರಂದು, ಹಿಮ ಮುಸುಕಿದ ನಸುಕಿನಲ್ಲಿ, ದಂಗೆಯೆದ್ದ ಯುವ ಅಧಿಕಾರಿಗಳು ಮನೆಗೆ ನುಗ್ಗಿ, ಮಲಗುವ ಕೋಣೆಯಲ್ಲಿದ್ದ 81ರ ಆ ವೃದ್ಧರನ್ನು ಗುಂಡಿಟ್ಟು, ಕತ್ತಿಯಿಂದ ಕಡಿದು ಕೊಂದರು. ನನ್ನನ್ನು ಹೆಚ್ಚು ಕಾಡುವುದು ಆಮೇಲಿನದು. ದಂಗೆಯೇನೋ ಅಡಗಿತು, ಮುಖಂಡರಿಗೆ ಮರಣದಂಡನೆಯೂ ಆಯಿತು. ಆದರೆ ಸೇವೆಯಲ್ಲಿರುವ ಸೇನಾಧಿಕಾರಿಯೇ ಯುದ್ಧ ಸಚಿವನಾಗಬೇಕೆಂಬ ಹಳೆಯ ನಿಯಮ ಅದೇ ವರ್ಷ ಮರಳಿ ಬಂದು, ತನಗೆ ಒಪ್ಪದ ಮಂತ್ರಿಮಂಡಲಕ್ಕೆ ಸಚಿವನನ್ನೇ ಕೊಡದೆ ಅದನ್ನು ಉರುಳಿಸುವ ಅಧಿಕಾರ ಸೇನೆಯ ಕೈಸೇರಿತು. ಮರುವರ್ಷವೇ ಚೀನಾದೊಡನೆ ಪೂರ್ಣ ಯುದ್ಧ ಶುರುವಾಯಿತು. ಮುಂದೆ ಲೋಹಕ್ಕಾಗಿ ದೇವಾಲಯಗಳ ಗಂಟೆಗಳನ್ನೂ ಇಳಿಸಿ ಕರಗಿಸಿದ ದೇಶವದು.