ಪಾನಾ ಗಂಟು ಗುಜರಿಗೆ ಹೋಗುವ ಮೊದಲು

ಮಂಡ್ಯದಲ್ಲಿ ನನ್ನದು ಲೇತ್ ವರ್ಕ್‌ಶಾಪು. ಆಲೆಮನೆಯ ಗಾಣ, ರೈಸ್ ಮಿಲ್ಲಿನ ಶಾಫ್ಟು, ಪಂಪ್‌ಸೆಟ್ಟು, ಇವೇ ದಿನದ ಕೆಲಸ. ಇದರ ಜೊತೆಗೆ ಇನ್ನೊಂದು ಕೆಲಸವೂ ತಾನಾಗಿಯೇ ಬರುತ್ತದೆ. ಮಿಲ್ಲು ಮುಚ್ಚಿದಾಗ, ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ, ಆಲೆಮನೆಯ ಹೆಂಚು ಇಳಿಸಿದಾಗ ಫೋನ್ ಬರುತ್ತದೆ. ಹಳೇ ಇಂಜಿನ್ ಒಂದಿದೆ, ಬಂದು ಬಿಚ್ಚಿಕೊಡಿ ಅಂತ.

ಹೋದಾಗ ನಾನು ಮೊದಲು ಇಂಜಿನ್ ಮುಟ್ಟುವುದಿಲ್ಲ. ಸುತ್ತ ಏನೇನು ಬಿದ್ದಿದೆ ಅಂತ ನೋಡುತ್ತೇನೆ. ಅಟ್ಟ, ಗೋಡೆಯ ಗೂಡು, ಕೊಪ್ಪರಿಗೆ ಹಿಂದಿನ ಮೂಲೆ, ಬಾಗಿಲಿಗೆ ಒತ್ತು ಕೊಟ್ಟ ಕಬ್ಬಿಣದ ತುಂಡು. ಯಂತ್ರದ ಅರ್ಧ ಜೀವ ಅಲ್ಲಿರುತ್ತದೆ. ಗುಜರಿಗೆ ಮೊದಲು ಹೋಗುವುದೂ ಅದೇ.

ಮದ್ದೂರು ಕಡೆಯ ಒಂದು ಆಲೆಮನೆಯಲ್ಲಿ ಹೀಗೇ ಒಂದು ಗೋಣಿಚೀಲ ಸಿಕ್ಕಿತು. ತೂಕಕ್ಕೆ ಹಾಕಲು ಆಗಲೇ ಹೊರಗೆ ಇಟ್ಟಿದ್ದರು. ಒಳಗೆ ಗ್ರೀಸು ಗಟ್ಟಿಯಾಗಿ ಅಂಟಿಕೊಂಡ ಪಾನಾಗಳು. ನಮ್ಮ ಹುಡುಗ ಒಂದನ್ನು ಒರೆಸಿ, ಮೇಲೆ 1/2 ಅಂತ ಇರುವುದನ್ನು ನೋಡಿ, ಬಾಯಿಗೆ ಸ್ಕೇಲ್ ಹಿಡಿದ. ಅರ್ಧ ಇಂಚು ಎಲ್ಲಿ, ಮುಕ್ಕಾಲು ಇಂಚಿಗಿಂತ ಜಾಸ್ತಿ ಇದೆ. ಸವೆದು ಅಗಲ ಆಗಿದೆ ಅಣ್ಣ ಅಂದ.

ಅದು ಸವೆದಿರಲಿಲ್ಲ. ಅದು ವಿಟ್‌ವರ್ತ್ ಅನ್ನುವ ಹಳೇ ಇಂಗ್ಲಿಷ್ ಅಳತೆಯ ಪಾನಾ. ಈಗಿನ ಪಾನಾದ ಮೇಲೆ ಬರೆದಿರುವುದು ಬಾಯಿಯ ಅಗಲ. ವಿಟ್‌ವರ್ತ್ ಪಾನಾದ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ. ಅರ್ಧ ಇಂಚಿನ ಬೋಲ್ಟಿಗೆ ಹಾಕುವ ಆ ಪಾನಾದ ಬಾಯಿ 0.920 ಇಂಚು, ಅಂದರೆ ಸುಮಾರು 23.4 ಮಿಲಿಮೀಟರ್. ಈಗ ನಮ್ಮ ಪೆಟ್ಟಿಗೆಯ ಪಾನಾ ತಗೊಳ್ಳಿ. 23 ಹತ್ತುವುದಿಲ್ಲ. 24 ಸಡಿಲ. ಸಡಿಲ ಪಾನಾಗೆ ಪೈಪು ಸಿಕ್ಕಿಸಿ ಎಳೆದರೆ ನಟ್ಟಿನ ಮೂಲೆ ದುಂಡಗಾಗುತ್ತದೆ. ಆಮೇಲೆ ಉಳಿಯುವುದು ಗ್ಯಾಸ್ ಕಟರ್ ಒಂದೇ. ಎಷ್ಟೋ ಒಳ್ಳೆಯ ಇಂಜಿನ್‌ಗಳು ತುಂಡಾಗಿದ್ದು ಹೀಗೇ. ಒಳಗೆ ಏನೂ ಕೆಟ್ಟಿರಲಿಲ್ಲ, ಬಿಚ್ಚುವ ಪಾನಾ ಇರಲಿಲ್ಲ ಅಷ್ಟೇ.

ಆ ಚೀಲದ ಕೆಲವು ಪಾನಾಗಳಲ್ಲಿ ಒಂದೇ ಬಾಯಿಗೆ ಎರಡು ಅಳತೆ ಇತ್ತು. 1/2 ಡಬ್ಲ್ಯೂ, ಕೆಳಗೆ 9/16 ಬಿಎಸ್‌ಎಫ್. ಡಬ್ಲ್ಯೂ ಅಂದರೆ ವಿಟ್‌ವರ್ತ್, ಅದು ಒರಟು ಥ್ರೆಡ್ಡಿನ (ಬೋಲ್ಟಿನ ಮೇಲಿನ ಸುರುಳಿ ಗೆರೆಯ) ಬೋಲ್ಟಿಗೆ. ಬಿಎಸ್‌ಎಫ್ ಅಂದರೆ ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್, ಅದು ಸಣ್ಣ ಥ್ರೆಡ್ಡಿನದಕ್ಕೆ. ಗೊತ್ತಿಲ್ಲದವರಿಗೆ ತಲೆ ಕೆಡುತ್ತದೆ. ಗೊತ್ತಿದ್ದರೆ ಒಂದು ಪಾನಾದಲ್ಲಿ ಎರಡು ಕೆಲಸ.

ಥ್ರೆಡ್ಡಿನಲ್ಲೂ ಇದೇ ಎಚ್ಚರ ಬೇಕು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಂಗ್ಲೆಂಡಿನಲ್ಲಿ ಮುಂದಿಟ್ಟ ಅಳತೆ ಇದು. ಥ್ರೆಡ್ಡಿನ ಕೋನ 55 ಡಿಗ್ರಿ. ಈಗಿನ ಮೆಟ್ರಿಕ್ಕಿಗೆ 60. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಥ್ರೆಡ್, ಯುಎನ್‌ಸಿ ಅನ್ನುವ ಅಮೆರಿಕದ ಅಳತೆಯ ಬೋಲ್ಟಿಗೆ 13. ಕಣ್ಣಿಗೆ ಎರಡೂ ಒಂದೇ. ಕೈಯಲ್ಲಿ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲಿ ಜೋರು ಮಾಡಿದರೆ ಎರಕದ ಒಳಗಿನ ಥ್ರೆಡ್ ಕಿತ್ತು ಬರುತ್ತದೆ. ಥ್ರೆಡ್ ಅಳೆಯುವ ಗೇಜ್ ಇಟ್ಟು ನೋಡದೆ ಹಳೇ ಯಂತ್ರಕ್ಕೆ ಹೊಸ ಬೋಲ್ಟು ಹಾಕಬೇಡಿ ಅಂತ ನಮ್ಮ ಹುಡುಗರಿಗೆ ನಾನು ಹೇಳುತ್ತಲೇ ಇರುತ್ತೇನೆ.

ನಮ್ಮ ಕಡೆ ಈ ಅಳತೆ ಇಷ್ಟು ಉಳಿದಿರುವುದಕ್ಕೆ ಕಾರಣ ಇದೆ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಮಂಡ್ಯದ ಮೈಶುಗರ್ ಕಂಪನಿ 1933ರದ್ದು. ನಾಲೆ ನೀರು, ಕಬ್ಬು, ಗಾಣ ಎಲ್ಲ ಬಂದಾಗ ದೇಶದಲ್ಲಿ ಇಂಚಿನ ಕಾಲ. ಮೆಟ್ರಿಕ್ ಕಾನೂನು ಬಂದಿದ್ದು 1956ರಲ್ಲಿ. ಪಕ್ಕದ ಮೈಸೂರಿನಲ್ಲಿ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಶುರುವಾದಾಗ, ಆ ಬೈಕು ಜೆಕ್ ದೇಶದ್ದಾದ್ದರಿಂದ, ಬೋಲ್ಟುಗಳೆಲ್ಲ ಮೆಟ್ರಿಕ್. ಜಾವಾ ಮೇಲೆ ಕೈ ಪಳಗಿಸಿಕೊಂಡ ಮೈಸೂರಿನ ಹಳೇ ಮೆಕ್ಯಾನಿಕ್‌ಗಳಿಗೂ ನಮ್ಮ ಆಲೆಮನೆ ಫಿಟ್ಟರ್‌ಗಳಿಗೂ ಪೆಟ್ಟಿಗೆಯೇ ಬೇರೆ.

ಮದ್ದೂರಿನ ಆ ಇಂಜಿನ್ ಲಿಸ್ಟರ್ ಮಾದರಿಯದು. ಎರಡು ಭಾರೀ ಫ್ಲೈವೀಲು (ಇಂಜಿನ್ನಿನ ಪಕ್ಕದಲ್ಲಿ ತಿರುಗುವ ದೊಡ್ಡ ಚಕ್ರ), ನಿಮಿಷಕ್ಕೆ 650 ಸುತ್ತು. ಇಂಗ್ಲೆಂಡಿನ ಡರ್ಸ್‌ಲಿಯಲ್ಲಿ 1929ರಿಂದ ಮಾಡಿದ ಈ ಇಂಜಿನ್ನಿನ ನಕಲುಗಳನ್ನು ರಾಜ್‌ಕೋಟ್‌ನಲ್ಲಿ ದಶಕಗಟ್ಟಲೆ ಮಾಡಿದರು. ನಾನು ಬಿಚ್ಚಿದ ರಾಜ್‌ಕೋಟ್ ಇಂಜಿನ್‌ಗಳಲ್ಲೂ ಬಹಳಷ್ಟು ಬೋಲ್ಟು ಇಂಚಿನವೇ. ಫ್ಲೈವೀಲನ್ನು ಶಾಫ್ಟಿಗೆ ಹಿಡಿದಿರುವುದು ಜಿಬ್ ಕೀ, ಅಂದರೆ ಎರಡರ ನಡುವಿನ ಗಾಡಿಗೆ ಬಡಿದು ಕೂರಿಸುವ, ತಲೆ ಇರುವ ಕಬ್ಬಿಣದ ತುಂಡು. ನೂರಕ್ಕೆ ಒಂದರಂತೆ ಇಳಿಜಾರು ಇರುವ ಕೀ ಅದು. ಸುತ್ತಿಗೆಯಿಂದ ಫ್ಲೈವೀಲಿಗೆ ಹೊಡೆದರೆ ಕೀ ಬರುವುದಿಲ್ಲ, ಎರಕ ಬಿರುಕು ಬಿಡುತ್ತದೆ. ಕೀ ತಲೆಗೂ ಫ್ಲೈವೀಲಿಗೂ ನಡುವೆ ಇಳಿಜಾರಿನ ಆಪು (ಬೆಣೆ) ಕೊಟ್ಟು ಸ್ವಲ್ಪ ಸ್ವಲ್ಪವೇ ಬಡಿಯಬೇಕು. ಮೊದಲೇ ಎಣ್ಣೆ ಬಿಟ್ಟು ನೆನೆಯಲು ಸಮಯ ಕೊಡಬೇಕು. ಆ ಆಪು ಕೂಡ ಅದೇ ಗೋಣಿಚೀಲದಲ್ಲಿ ಇತ್ತು! ಹಿಂದೆ ಇಂಜಿನ್ ನೋಡಿಕೊಂಡವರು ಯಾರೋ ಚೆನ್ನಾಗಿ ತಿಳಿದವರು. ಅವರ ಕೈಕೆಲಸದ ಬಗ್ಗೆ ನನಗೆ ತುಂಬಾ ಗೌರವ ಬಂತು. ಕೀ ಸುಖವಾಗಿ ಬಂತು, ಫ್ಲೈವೀಲು ಹಾಗೇ ಉಳಿಯಿತು.

ಮೈಸೂರಿನಲ್ಲಿ ಒಂದು ವರ್ಕ್‌ಶಾಪು ಮುಚ್ಚುವಾಗ ಇನ್ನೊಂದು ಸಂಗತಿ ನಡೆಯಿತು. ಲೇತನ್ನು ಒಬ್ಬರಿಗೆ ಮಾತಾಡಿ ಆಗಿತ್ತು. ಗೇರುಗಳ ರಾಶಿ ಬೇರೆ ಕಡೆ, ಕೆಜಿ ಲೆಕ್ಕದಲ್ಲಿ ಹೋಗುವುದರಲ್ಲಿತ್ತು. ಅದರಲ್ಲಿ ಒಂದು ದೊಡ್ಡ ಗೇರು. ಹಲ್ಲು ಎಣಿಸಿದೆ, 127. ಆ ಸಂಖ್ಯೆ ಸುಮ್ನೆ ಇಟ್ಟಿದ್ದಲ್ಲ. ಒಂದು ಇಂಚಿಗೆ 25.4 ಮಿಲಿಮೀಟರ್, ಅದರ ಐದು ಪಟ್ಟು 127. ಇಂಚಿನ ಲೀಡ್ ಸ್ಕ್ರೂ (ಥ್ರೆಡ್ ತೆಗೆಯುವಾಗ ಉಳಿಯನ್ನು ಮುಂದೆ ನಡೆಸುವ ಉದ್ದ ಸ್ಕ್ರೂ) ಇರುವ ಲೇತಿನಲ್ಲಿ ಸರಿಯಾದ ಮೆಟ್ರಿಕ್ ಥ್ರೆಡ್ ತೆಗೆಯುವುದು ಈ ಗೇರಿನಿಂದ. ಇದು ಗುಜರಿಗೆ ಹೋಗಿದ್ದರೆ ಲೇತ್ ಕೊಂಡವರಿಗೆ ಅರ್ಧ ಲೇತ್ ಸಿಗುತ್ತಿತ್ತು ಅಲ್ವಾ? ಕೊಂಡವರಿಗೆ ಫೋನ್ ಮಾಡಿ ಹೇಳಿದೆ. ಅವರು ಸಂಜೆಯೇ ಬಂದು ಗೇರುಗಳನ್ನೂ ತಗೊಂಡು ಹೋದರು.

ಈಗ ಬಿಚ್ಚುವ ಕೆಲಸಕ್ಕೆ ಯಾರೇ ಕರೆದರೂ ಫೋನಿನಲ್ಲೇ ಒಂದು ಮಾತು ಹೇಳುತ್ತೇನೆ. ನಾನು ಬರುವವರೆಗೆ ಶೆಡ್ಡಿನಿಂದ ಒಂದು ತುಂಡು ಕಬ್ಬಿಣವನ್ನೂ ಕೊಡಬೇಡಿ. ಹಿತ್ತಾಳೆ ನಂಬರ್ ಪ್ಲೇಟು ಉಜ್ಜಬೇಡಿ, ಅಕ್ಷರ ಹೋಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಫೋಟೋ ಕಳಿಸಿ. ಸೈಲೆನ್ಸರ್ ಪೈಪಿಗೆ ಬಿಳಿ ಹಗ್ಗ ಸುತ್ತಿದ್ದರೆ ಕೀಳಬೇಡಿ, ಹಳೆಯದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಇಂಜಿನ್ ಓಡಿಸುತ್ತಿದ್ದ ಡ್ರೈವರ್ ಊರಲ್ಲಿ ಇದ್ದರೆ ಅವರನ್ನೂ ಕರೆಸಿ. ಬಿಚ್ಚಿದ ಮೇಲೆ ಆ ಯಂತ್ರದ ಪಾನಾ, ಆಪು, ಹ್ಯಾಂಡಲ್ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಹಾಕಿ, ಇಂಜಿನ್ ನಂಬರ್ ಬರೆದು, ತಂತಿಯಿಂದ ಇಂಜಿನ್ನಿಗೇ ಕಟ್ಟಿ ಕಳಿಸುತ್ತೇವೆ.