ಟೊಮೆಟೊ ತಾಕಿನ ಬಿಳಿನೊಣ ಲೆಕ್ಕ: ಸಸಿಯಿಂದ 60ನೇ ದಿನದವರೆಗೆ

ಕೋಲಾರದ ಕಡೆಯ ಬೇಸಿಗೆ ಟೊಮೆಟೊ, 10 ಗುಂಟೆ, ಹನಿ ನೀರಾವರಿ, ಫೆಬ್ರವರಿ ಕೊನೆಯ ವಾರದ ನಾಟಿ. ಮಗ್ಗುಲಲ್ಲೇ ಕೊಯ್ಲು ಮುಗಿಯುತ್ತ ಬಂದ ಹಳೇ ಬದನೆ. ಮುಂದಿನ ಕಾಟದಲ್ಲಿ ಅರ್ಧ ಅಲ್ಲಿಂದಲೇ ಬಂತು.

ಸಸಿ ಹಂತ
ಪ್ರೋಟ್ರೇಗಳ (ಸಸಿ ಬೆಳೆಸುವ ಗುಳಿತಟ್ಟೆ) ಮೇಲೆ 50 ಮೆಶ್, ಅಂದರೆ ಇಂಚಿಗೆ 50 ಕಣ್ಣಿನ ನೈಲಾನ್ ಪರದೆ. ಮಾಮೂಲಿ ಸೊಳ್ಳೆಪರದೆ ಸಾಲದು. ಬಿಳಿನೊಣದ ಉದ್ದವೇ ಸುಮಾರು 1 ಮಿ.ಮೀ., ಮೈ ಅಗಲ ಕಾಲು ಮಿ.ಮೀ. ಆಸುಪಾಸು. ಆದರೆ ಎಡವಟ್ಟಾಗುವುದು ಹೆಚ್ಚಾಗಿ ಪರದೆಯ ಬುಡದಲ್ಲಿ: ಅಂಚಿಗೆ ಮಣ್ಣು ಎಳೆಯದೆ ನಾಲ್ಕು ಕಲ್ಲು ಇಟ್ಟು ಬಿಟ್ಟರೆ, ನೀರು ಹಾಕುವಾಗ ಎತ್ತಿದ್ದನ್ನು ಇಳಿಸದೆ ಹೋದರೆ, ಪರದೆ ಇದ್ದೂ ಇಲ್ಲದಂತೆ. ಎಲೆ ಮುಟುರು ವೈರಸ್ ಹೊತ್ತ ನೊಣ ಸಾಮಾನ್ಯವಾಗಿ ಬದುಕಿರುವಷ್ಟು ದಿನವೂ ಅದನ್ನು ದಾಟಿಸುತ್ತದೆ. ಲಕ್ಷಣ ಕಾಣುವುದು ಎರಡು-ಮೂರು ವಾರ ಕಳೆದ ಮೇಲೆ. ಅಷ್ಟರಲ್ಲಿ ಸಸಿ ಹೊಲ ಸೇರಿರುತ್ತದೆ.

8ನೇ ದಿನ
ನಾಟಿಯಾದ ಮೇಲಿನ ಮೊದಲ ಎಣಿಕೆ. ಹತ್ತು ಗಿಡ, ಪ್ರತಿ ಗಿಡದಲ್ಲಿ ಮೇಲೆ, ನಡುವೆ, ಕೆಳಗೆ ಒಂದೊಂದು ಎಲೆ. ಬೆಳಿಗ್ಗೆ ಏಳೂವರೆಯೊಳಗೆ ಮುಗಿಸಬೇಕು, ಬಿಸಿಲೇರಿದರೆ ಮುಟ್ಟಿದ ಕೂಡಲೇ ಹಾರುತ್ತವೆ. ತುದಿ ಹಿಡಿದು ನಿಧಾನಕ್ಕೆ ಮಗುಚಿ ನೋಡಬೇಕು. ಕಂಡದ್ದು ಪ್ರೌಢ ನೊಣ ಮಾತ್ರ, ಅದೂ ಬದನೆ ಕಡೆಯ ಎರಡು ಸಾಲಿನಲ್ಲಿ. ಅಂಚಿಗೆ ಮೂರು ಸಾಲು ಮುಸುಕಿನ ಜೋಳ ಹಾಕಿದ್ದು ನಾಟಿಯ ದಿನವೇ, ಈಗ ಗೇಣುದ್ದವೂ ಇಲ್ಲ. ತಡೆಗೋಡೆ ಆಗಬೇಕಿದ್ದರೆ ಮೂರು-ನಾಲ್ಕು ವಾರ ಮೊದಲೇ ಬಿತ್ತಬೇಕಿತ್ತು.

ಬರಿಗಣ್ಣಿಗೆ ನೊಣದ ತಳಿ ಭೇದ ತಿಳಿಯದು. ಹೆಚ್ಚು ತತ್ತಿಯಿಟ್ಟು ಹೆಚ್ಚು ಬೆಳೆಗಳಿಗೆ ಹಬ್ಬುವ ‘ಬಿ’ ಬಯೋಟೈಪ್ ಎಂಬ ತಳಿ ಭಾರತದಲ್ಲಿ ಮೊದಲು ಗುರುತಾದದ್ದು ಇದೇ ಕೋಲಾರ ಸೀಮೆಯ ಟೊಮೆಟೊದಲ್ಲಿ, 1999ರಲ್ಲಿ.

20ನೇ ದಿನ
ಬದನೆ ಕಿತ್ತದ್ದು ತಪ್ಪು ಹೊತ್ತಿನಲ್ಲಿ, ತಪ್ಪು ರೀತಿಯಲ್ಲಿ. ನಡುಹಗಲು ಕಿತ್ತು ಬದುವಿನ ಮೇಲೆ ರಾಶಿ ಹಾಕಿದ್ದರಿಂದ ಬಾಡುವ ಎಲೆ ಬಿಟ್ಟು ನೊಣವೆಲ್ಲ ಟೊಮೆಟೊಗೆ ಎದ್ದು ಬಂದವು. ಆ ಕಡೆಯ ಹಳದಿ ಅಂಟುಹಾಳೆ ಎರಡೇ ದಿನಕ್ಕೆ ತುಂಬಿತು. ಮೊದಲು ಬದನೆಯ ಮೇಲೆಯೇ ನೊಣ ಕೊಂದು, ಆಮೇಲೆ ಕಿತ್ತು, ಅಂದೇ ಹೂಳಬೇಕು. ಬದುವಿನ ಪಾರ್ಥೇನಿಯಂಗೂ ಇದೇ ಮಾತು.

27ನೇ ದಿನ
ಕೊನೆಯ ಎರಡು ಸಾಲಿಗೆ ಡ್ರಿಪ್‌ನಲ್ಲಿ ಯೂರಿಯಾ ಹೆಚ್ಚು ಹೋಗಿತ್ತು. ಅಲ್ಲಿ ಎಲೆ ಕಡುಹಸಿರು, ಮೆತ್ತಗೆ. ಮೇಲಿನ ಎಲೆಗಳ ಅಡಿ ತತ್ತಿಯೂ ಉಳಿದ ಸಾಲಿಗಿಂತ ದಟ್ಟ. ಸಾರಜನಕ ಹೆಚ್ಚಾದರೆ ರಸದಲ್ಲಿ ಅಮೈನೋ ಆಮ್ಲ ಹೆಚ್ಚುತ್ತದೆ, ನೊಣಕ್ಕೆ ಅದೇ ಹಬ್ಬದೂಟ.

34ನೇ ದಿನ
ಅಂಟುಹಾಳೆ ಖಾಲಿ ಖಾಲಿ. ಇದನ್ನು ನಂಬಿ ಕೂತರೆ ಕೆಟ್ಟಂತೆ. ತತ್ತಿ ಬೀಳುವುದು ಚಿಗುರೆಲೆಗೆ. ಮರಿ ಒಂದು ಕಡೆ ಅಂಟಿ ಕೂತ ಮೇಲೆ ಅಲ್ಲೇ ಬೆಳೆಯುತ್ತದೆ, ಅಷ್ಟರಲ್ಲಿ ಗಿಡ ಮೇಲೆ ಹೋಗಿ ಆ ಎಲೆ ಕೆಳಗಿನದಾಗಿರುತ್ತದೆ. 27-30 ಡಿಗ್ರಿಯಲ್ಲಿ ತತ್ತಿಯಿಂದ ನೊಣಕ್ಕೆ ಸುಮಾರು ಮೂರು ವಾರ. ಕೆಳಗಿನ ಎಲೆಗಳಲ್ಲಿ ಕೆಂಪು ಕಣ್ಣು ಮೂಡಿದ ಕೋಶಗಳು (ಮರಿ ನೊಣವಾಗುವ ಮುಂಚಿನ ಹಂತ) ಸಾಲಾಗಿ ಇದ್ದವು, ಅಂದರೆ ಇನ್ನು ಕೆಲವೇ ದಿನ. ಹಾಳೆ ಹೇಳುವುದು ಹಾರಾಡುವ ನೊಣದ ಲೆಕ್ಕ, ಮುಂದಿನ ವಾರದ ಲೆಕ್ಕ ಕೆಳಗಿನ ಎಲೆಯಲ್ಲಿದೆ.

ಬೇವಿನ ಎಣ್ಣೆ ಲೀಟರಿಗೆ 5 ಮಿ.ಲೀ. ಕೊಳವೆಬಾವಿಯ ಗಡಸು ನೀರಿಗೆ ಸೋಪು ಒಡೆದು ಎಣ್ಣೆ ಮೇಲೆ ತೇಲಿತು. ಹೀಗಾದರೆ ಟ್ಯಾಂಕಿನ ಮೊದಲರ್ಧ ಬರೀ ನೀರು, ಕೊನೆಯಲ್ಲಿ ಎಲೆ ಸುಡುವಷ್ಟು ಎಣ್ಣೆ. ಅದನ್ನು ಚೆಲ್ಲಿ, ಮಳೆನೀರಿನಲ್ಲಿ ಎಣ್ಣೆ-ಸೋಪು ಹಾಲಿನಂತಾಗುವವರೆಗೆ ಕದಡಿ, ಸಂಜೆ ನಾಝಲ್ ಮೇಲ್ಮುಖ ಮಾಡಿ ಎಲೆಯಡಿಗೆ ಹೊಡೆದದ್ದು. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಬೇಡವೆಂದದ್ದು ಬೇಕೆಂದೇ: ಅದು ಬಿಳಿನೊಣದ ಮರಿಯೊಳಗೆ ಬೆಳೆದು ಅದನ್ನು ಕೊಲ್ಲುವ ಪರಾವಲಂಬಿ ಕಣಜ, ನೊಣ ತಿನ್ನುವ ಗುಲಗಂಜಿ ಹುಳುಗಳನ್ನು ಮೊದಲು ಮುಗಿಸಿ ನೊಣಕ್ಕೆ ದಾರಿ ಬಿಡುತ್ತದೆ. ಇಮಿಡಾಕ್ಲೋಪ್ರಿಡ್ ಬಿಟ್ಟು ಥಯಾಮೆಥಾಕ್ಸಾಮ್ ಹಿಡಿದರೆ ಔಷಧಿ ಬದಲಿಸಿದಂತೆಯೂ ಅಲ್ಲ, ಎರಡೂ ಒಂದೇ ಗುಂಪಿನ ಕೀಟನಾಶಕ.

46ನೇ ದಿನ
ಅರ್ಧ ಗಂಟೆ ಬಿರುಮಳೆ. ಮರುದಿನ ಹಾರುವ ನೊಣ ಇಲ್ಲವೇ ಇಲ್ಲ. ಎಲೆಗೆ ಅಂಟಿದ ಮರಿ-ಕೋಶಗಳು ಮಾತ್ರ ಹಾಗೇ ಇವೆ. ಎಣಿಕೆ ನಿಲ್ಲಿಸಲಿಲ್ಲ.

53ನೇ ದಿನ
10 ಪಟ್ಟಿನ ಮಸೂರದಲ್ಲಿ ಖಾಲಿ ಕೋಶಗಳ ಪರೀಕ್ಷೆ. ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸೀಳಿದ್ದರೆ ಬಿಳಿನೊಣ ಹೊರಬಿದ್ದಿದೆ. ಸೂಜಿಯಿಂದ ಚುಚ್ಚಿದಂಥ ದುಂಡು ತೂತಿದ್ದರೆ ಹೊರಬಿದ್ದದ್ದು ಎನ್‌ಕಾರ್ಸಿಯಾದಂಥ ಕಣಜ. ದುಂಡು ತೂತುಗಳೇ ಹೆಚ್ಚು. ಯೋಜನೆಯಲ್ಲಿದ್ದ ಸಿಂಪಡಣೆ ರದ್ದು. ಕೆಳಗಿನ ಎಲೆ ಕಿತ್ತು ಸುಡುವ ಕೆಲಸವನ್ನೂ ಒಂದು ವಾರ ಮುಂದೂಡಿದ್ದು, ಒಳಗಿನ ಕಣಜವೂ ಸುಟ್ಟುಹೋಗುತ್ತದೆಂದು.

60ನೇ ದಿನ
ಮುಟುರಿದ ಗಿಡಗಳು ಬಹುಪಾಲು ಬದನೆ ಕಡೆಯ ಸಾಲಿನವೇ. 30 ದಿನದೊಳಗೆ ಮುಟುರಿದವು ಕಾಯಿ ಕಟ್ಟುವುದು ಅಷ್ಟಕ್ಕಷ್ಟೇ ಎಂದು ಆಗಲೇ ಕಿತ್ತದ್ದು. ಈಚೆಗೆ ತಗುಲಿದವುಗಳಲ್ಲಿ ಕಾಯಿ ಇದೆ, ಬಿಟ್ಟಿದೆ. ಮುಂದಿನ ನಾಟಿಗೆ ಜೋಳದ ಬೀಜ ಈ ವಾರವೇ ಅಂಚಿಗೆ ಬೀಳಬೇಕು. ಸಸಿ ಅರ್ಕಾ ರಕ್ಷಕ್, ಎಲೆ ಮುಟುರು ತಡೆಯುವ ಹೈಬ್ರಿಡ್. ಅದಕ್ಕೂ ನೊಣ ಬಂದೇ ಬರುತ್ತದೆ, ಹಾಗಾಗಿ ಪರದೆ ಅದೇ 50 ಮೆಶ್.