ರೊಕ್ಕ ಎಲ್ಲದ?

ನಮ್ಮ ಮೇಡಂ ತರಗತಿಗೆ ತರುತ್ತಿದ್ದ ಕಂಪನಿಗಳ ಪ್ರತಿ ವಾರ್ಷಿಕ ವರದಿಯ ಮೊದಲ ನಲವತ್ತು-ಐವತ್ತು ಪುಟಗಳಿಗೆ ರಬ್ಬರ್ ಬ್ಯಾಂಡ್ ಬಿಗಿದಿರುತ್ತಿತ್ತು. ಅಧ್ಯಕ್ಷರ ಸಂದೇಶ, ಕಾರ್ಖಾನೆಯ ಬಣ್ಣದ ಫೋಟೋ, ವರ್ಷದಿಂದ ವರ್ಷಕ್ಕೆ ಎತ್ತರವಾಗುವ ಕಂಬಗಳ ಚಿತ್ರ, ಎಲ್ಲ ಆ ಬ್ಯಾಂಡಿನೊಳಗೆ. ಬಿಚ್ಚುವಂತಿರಲಿಲ್ಲ. ನಾವು ಓದಬೇಕಾದದ್ದು ಉಳಿದದ್ದನ್ನು. ಮೊದಲು ಆಡಿಟರ್ ವರದಿ, ಆಮೇಲೆ ಸಣ್ಣಕ್ಷರದ ಟಿಪ್ಪಣಿಗಳು, ಆಮೇಲೆ ರೊಕ್ಕ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೇಳುವ ಕ್ಯಾಶ್ ಫ್ಲೋ, ಅದಾದ ಮೇಲೆ ಆಸ್ತಿ-ಸಾಲದ ಪಟ್ಟಿಯಾದ ಬ್ಯಾಲೆನ್ಸ್ ಶೀಟ್. ಲಾಭ-ನಷ್ಟದ ಪುಟಕ್ಕೆ ಬರುವುದು ಕಟ್ಟಕಡೆಗೆ. ಬಂದ ಕೂಡಲೇ ಅವರ ಪ್ರಶ್ನೆ ತಯಾರಿರುತ್ತಿತ್ತು: "ಲಾಭ ಬಂದದ ಅಂತ ಬರದಾರ. ಬರಲಿ. ರೊಕ್ಕ ಎಲ್ಲದ?"

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ 2007ರಿಂದ 2009ರವರೆಗೆ ಎಂ.ಕಾಂ. ಓದಿದವಳು ನಾನು. ಊರು ಬ್ಯಾಡಗಿ. ಅಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಸೋಮವಾರ, ಗುರುವಾರ ಟೆಂಡರ್ ದಿನ ಊರೆಲ್ಲ ಘಾಟು, ಸೀನು. ಆದರೆ ಅಂಗಡಿಯ ಕೆಂಪು ಬಟ್ಟೆಯ ಖಾತೆ ಪುಸ್ತಕವನ್ನು ನಾನು ಮುಟ್ಟಿದ್ದಿಲ್ಲ. ಹೆಣ್ಣುಮಕ್ಕಳು ಮುಟ್ಟಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಅಪ್ಪನಿಂದ ಅಣ್ಣನ ಕೈಗೆ ಹೋಗುತ್ತಿತ್ತು, ಅಷ್ಟೇ.

ಮೇಡಂ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳಲ್ಲಿ ಒಂದೊಂದೇ ಷೇರು ತೆಗೆದುಕೊಂಡಿದ್ದರು. ಒಂದು ಷೇರು ಇದ್ದವರಿಗೂ ವಾರ್ಷಿಕ ವರದಿ ಅಂಚೆಯಲ್ಲಿ ಮನೆಗೆ ಬರುತ್ತಿದ್ದ ಕಾಲ ಅದು. ಆಗಸ್ಟ್ ಬಂತೆಂದರೆ ಶ್ರೀನಗರ ಸರ್ಕಲ್ ಹತ್ತಿರದ ಅವರ ಮನೆಯ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಲಕೋಟೆಗಳ ರಾಶಿ. ನಾವು ನಾಲ್ಕೈದು ಮಂದಿ ಹೋಗಿ ಹೊತ್ತು ತರುತ್ತಿದ್ದೆವು. ನಮ್ಮ ಪಠ್ಯಪುಸ್ತಕದಲ್ಲಿ ಇದ್ದದ್ದು 'ಎಕ್ಸ್ ಲಿಮಿಟೆಡ್', 'ವಾಯ್ ಲಿಮಿಟೆಡ್'. ಅವುಗಳ ಲೆಕ್ಕ ಯಾವಾಗಲೂ ಹೊಂದುತ್ತಿತ್ತು. ಮೇಡಂ ಕೊಟ್ಟ ವರದಿಗಳಲ್ಲಿ ಸವಕಳಿ (ಯಂತ್ರ, ಕಟ್ಟಡ ಸವೆದದ್ದಕ್ಕೆ ವರ್ಷವರ್ಷ ಕಳೆಯುವ ಮೊತ್ತ) ಹಾಕುವ ಪದ್ಧತಿಯನ್ನು ನಡುವೆಯೇ ಬದಲಿಸಿ ಲಾಭ ಏರಿಸಿದವರಿದ್ದರು. ಅದು ಒಂದೇ ಒಂದು ಸಾಲಿನಲ್ಲಿ, ಎಷ್ಟನೆಯದೋ ಟಿಪ್ಪಣಿಯಲ್ಲಿ ಇರುತ್ತಿತ್ತು. ಹುಡುಕಿ ತಂದವರನ್ನು ಮೇಡಂ ಎದ್ದು ನಿಲ್ಲಿಸಿ ಎಲ್ಲರ ಮುಂದೆ ಓದಿಸುತ್ತಿದ್ದರು.

ಬಂಡವಾಳದ ಮೇಲಿನ ಗಳಿಕೆ ಎಲ್ಲಿಂದ ಬಂತೆಂದು ಬಿಡಿಸಿ ತೋರಿಸುವ ಡುಪಾಂಟ್ ಸೂತ್ರವನ್ನು ಅವರು ಲೈನ್ ಬಜಾರದ ಪೇಡೆ ಅಂಗಡಿಯ ಪಾಳಿಯಿಂದ ಶುರುಮಾಡಿದರು. ಮುಂಜಾನೆ ಹಾಲು ಕೊಂಡವನ ರೊಕ್ಕ ಸಂಜೆಗೆ ತಿರುಗಿ ಬರುತ್ತದೆ. ಬಂಗಾರದ ಅಂಗಡಿಯವನ ರೊಕ್ಕ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂಡುತ್ತದೆ. ಒಬ್ಬನಿಗೆ ನೂರಕ್ಕೆ 4 ಉಳಿದು ಬಂಡವಾಳ ವರ್ಷಕ್ಕೆ 5 ಸಲ ತಿರುಗಿದರೂ, ಇನ್ನೊಬ್ಬನಿಗೆ ನೂರಕ್ಕೆ 10 ಉಳಿದು 2 ಸಲ ತಿರುಗಿದರೂ ಗಳಿಕೆ ಅದೇ 20. ಮೂರನೆಯವನು ಸಾಲ ತಂದು ಆ ಅಂಕಿ ತೋರಿಸುತ್ತಾನೆ. ಆ ಮೂರನೆಯವನನ್ನು ಗುರುತಿಸಲಿಕ್ಕೇ ಈ ಸೂತ್ರ ಬೇಕು ಅನ್ನುತ್ತಿದ್ದರು.

ಷೇರಿನ ಬೆಲೆ ಕಟ್ಟುವ ಪಾಠ ಇನ್ನೂ ಕಣ್ಣ ಮುಂದಿದೆ. ಗಾರ್ಡನ್ ಮಾದರಿ: ಮುಂದಿನ ವರ್ಷದ ಲಾಭಾಂಶವನ್ನು, ನಮಗೆ ಬೇಕಾದ ಗಳಿಕೆಯ ದರದಿಂದ ಬೆಳವಣಿಗೆಯ ದರ ಕಳೆದು ಬಂದದ್ದರಿಂದ ಭಾಗಿಸಬೇಕು. ಲಾಭಾಂಶ 6 ರೂಪಾಯಿ, ಬೇಕಾದ ಗಳಿಕೆ ಶೇ. 12, ಬೆಳವಣಿಗೆ ಶೇ. 7 ಎಂದರೆ ಬೆಲೆ 120 ರೂಪಾಯಿ. ಬೆಳವಣಿಗೆ 8 ಅಂದರೆ 150. ಮೇಡಂ ಬೋರ್ಡಿನ ಮೇಲೆ 8 ಅಳಿಸಿ 10 ಬರೆದರು. 300 ಆಯಿತು. ಸೀಮೆಸುಣ್ಣ ಕೆಳಗಿಟ್ಟು ನಮ್ಮ ಕಡೆ ತಿರುಗಿ, "ಕಂಪನಿ ಅದೇ ಅದ, ಕಾರ್ಖಾನಿ ಅದೇ ಅದ, ಆಳು ಅವರೇ ಇದ್ದಾರ. ಬದಲಾದದ್ದು ನನ್ನ ಕೈಯಾಗಿನ ಒಂದು ಅಂಕಿ. ಆ 10 ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲಲ್ಲ?" ಅಂದರು. ಆ ದಿನ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಬೆಲೆಯ ಲೆಕ್ಕಕ್ಕಿಂತ ಊಹೆಯ ಆಧಾರ ದೊಡ್ಡದು ಎಂಬುದನ್ನು ನಾನು ಕಲಿತದ್ದು ಆ ಮೌನದಲ್ಲಿ.

2008ರ ದೀಪಾವಳಿ ಸೂಟಿಗೆ ಅವರು ಕೊಟ್ಟ ಕೆಲಸ ಒಂದೇ: ಮನೆಯದೋ, ಪರಿಚಯದವರದೋ ಒಂದು ಅಂಗಡಿಯ ಒಂದು ವರ್ಷದ ಲೆಕ್ಕ ಓದಿ ಕ್ಯಾಶ್ ಫ್ಲೋ ಬರೆದು ತರಬೇಕು. ಪ್ಯಾಸೆಂಜರ್ ರೈಲಿನಲ್ಲಿ ಊರಿಗೆ ಹೋದೆ. ನಮ್ಮಲ್ಲಿ ಪಾಡ್ಯಕ್ಕೆ ಖಾತೆ ಪೂಜೆ. ಹಳೆಯ ಪುಸ್ತಕ ಮುಗಿದು ಹೊಸದು ಶುರುವಾಗುವ ಹೊತ್ತು. ಹಳೆಯದನ್ನು ಕೊಡಿ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಾವೇ ತಂದು ನನ್ನ ಮುಂದೆ ಇಟ್ಟರು.

ಎರಡು ರಾತ್ರಿ ಕೂತೆ. ವರ್ಷದ ವಹಿವಾಟು 2 ಕೋಟಿ, ನೂರಕ್ಕೆ 2ರಂತೆ ದಲಾಲಿ 4 ಲಕ್ಷ. ಹಮಾಲರು, ಗುಮಾಸ್ತ, ಬಾಡಿಗೆ, ಮನೆಖರ್ಚು ಎಲ್ಲ ಕಳೆದು ಉಳಿಯಬೇಕಾದದ್ದು 1,70,000. ಉಳಿದಿರಲಿಲ್ಲ. ರೈತನಿಗೆ ಮಾಲು ತೂಗಿದ ದಿನವೇ ರೊಕ್ಕ ಎಣಿಸುವುದು ಅಪ್ಪನ ಪದ್ಧತಿ. ಕೊಂಡ ವ್ಯಾಪಾರಿ ಕೊಡುವುದು ತಿಂಗಳ ಮೇಲೆ. ಆ ವರ್ಷ ಉದ್ರಿ, ಅಂದರೆ ವ್ಯಾಪಾರಿಗಳಿಂದ ಬರಬೇಕಾದ ಬಾಕಿ, 9 ಲಕ್ಷದಿಂದ 14 ಲಕ್ಷಕ್ಕೆ ಏರಿತ್ತು. ಲಾಭ 1,70,000, ಉದ್ರಿಯಲ್ಲಿ ಸಿಕ್ಕಿಬಿದ್ದದ್ದು 5 ಲಕ್ಷ. ಹಾಗಾದರೆ ಕಡಿಮೆ ಬಿದ್ದ 3,30,000 ಎಲ್ಲಿಂದ ಬಂತು? ಹಾಳೆ ತಿರುವಿದೆ. ಕೈಗಡ 2,70,000. ಅದರ ಕೆಳಗೆ ಅಪ್ಪನ ಓರೆ ಅಕ್ಷರ: ಬಂಗಾರದ ಮೇಲೆ 60,000.

ಅವ್ವನ ಕೈ ನೋಡಿದೆ. ಪಾಟ್ಲಿ ಇರಲಿಲ್ಲ. ಪಾಲಿಶ್‌ಗೆ ಕೊಟ್ಟೇನಿ ಅಂತ ಶ್ರಾವಣದಲ್ಲೇ ಹೇಳಿದ್ದಳು. ನಾನು ನಂಬಿದ್ದೆ.

14 ಲಕ್ಷದಲ್ಲಿ 6 ಲಕ್ಷ ಒಬ್ಬನೇ ವ್ಯಾಪಾರಿಯದು, ಒಂದೂವರೆ ವರ್ಷದ ಹಿಂದಿನದು. ಅಪ್ಪನಿಗೆ ಅದನ್ನು ತೋರಿಸಿದೆ. "ಕೊಡ್ತಾನವ್ವಾ, ಮನಷಾ ಛಲೋ ಅದಾನ" ಅಂದರು. ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ವರದಿಯಲ್ಲಿ ಮಾತ್ರ ಆ 6 ಲಕ್ಷಕ್ಕೆ ಬೇರೆ ಸಾಲು ಹಾಕಿ, ಇದು ಬರದಿದ್ದರೆ ಹೋದ ಮೂರು ವರ್ಷದ ಉಳಿತಾಯ ಇದರಲ್ಲೇ ಹೋದಂತೆ ಎಂದು ಬರೆದೆ.

ಎರಡು ತಿಂಗಳು ಕಳೆದಿರಬೇಕು. 2009ರ ಜನವರಿ 7, ಬುಧವಾರ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕದಲ್ಲಿ ಸುಳ್ಳು ಬರೆದದ್ದಕ್ಕೆ ತಪ್ಪೊಪ್ಪಿಗೆಯ ಪತ್ರ ಬರೆದರು. ಹಿಂದಿನ ದಿನ 179 ರೂಪಾಯಿ ಸಮೀಪವಿದ್ದ ಷೇರು ಅಂದು 40ಕ್ಕೆ ಇಳಿಯಿತು. ಮರುದಿನ ಮೇಡಂ ಪತ್ರಿಕೆ ಹಿಡಿದುಕೊಂಡೇ ತರಗತಿಗೆ ಬಂದು ಆ ಪತ್ರದ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದರು. ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ, ಅದರಲ್ಲಿ ಇಲ್ಲದ್ದು 5,040 ಕೋಟಿ. ಬರಬೇಕಾದ ಬಡ್ಡಿ ಅಂತ ತೋರಿಸಿದ್ದ 376 ಕೋಟಿ, ಅದೂ ಇಲ್ಲ. ಒಂದು ತ್ರೈಮಾಸಿಕದಲ್ಲಿ ತೋರಿಸಿದ ಕಾರ್ಯಾಚರಣೆ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಎರಡು ವರ್ಷ ನಾವು ಕೇಳಿಸಿಕೊಂಡ ಪ್ರಶ್ನೆಯನ್ನು ಆ ದಿನ ಅವರು ಕೇಳಲೇ ಇಲ್ಲ. ಕೇಳುವ ಅಗತ್ಯ ಇರಲಿಲ್ಲ. ಉದ್ರಿ ಬರಬಹುದು, ಬರದಿರಬಹುದು. ಬ್ಯಾಂಕಿನಲ್ಲಿ ಇಟ್ಟ ರೊಕ್ಕವಾದರೂ ಇದ್ದೇ ಇರುತ್ತದೆ ಎಂದು ನಾವೆಲ್ಲ ನಂಬಿಕೊಂಡಿದ್ದೆವು.

ನನಗೆ ಅಪ್ಪನ 6 ಲಕ್ಷ ನೆನಪಾಯಿತು. ಅಪ್ಪ ಯಾರಿಗೂ ಮೋಸ ಮಾಡಿದವರಲ್ಲ, ನಂಬಿಕೆಯಿಂದ ಬರೆದಿಟ್ಟಿದ್ದರು. ಸತ್ಯಂನಲ್ಲಿ ಬರೆದದ್ದು ವಂಚನೆ. ಆದರೆ ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ: ಆಸ್ತಿಯ ಕಡೆ ಒಂದು ಹೆಸರು, ಎದುರಿಗೆ ಒಂದು ಮೊತ್ತ. ಬರೆದವರ ಮನಸ್ಸು ಹೇಗಿತ್ತು ಎಂದು ಬ್ಯಾಲೆನ್ಸ್ ಶೀಟ್ ಹೇಳುವುದಿಲ್ಲ. ಓದುವವರೇ ಎದ್ದುಹೋಗಿ, ಬ್ಯಾಂಕಿನಲ್ಲೋ ಗೋದಾಮಿನಲ್ಲೋ ಆ ವ್ಯಾಪಾರಿಯ ಬಾಗಿಲಲ್ಲೋ ವಿಚಾರಿಸಬೇಕು. ಇದನ್ನು ನಾನು ಮೇಡಂಗೆ ಹೇಳಿದಾಗ ಅವರು ನನ್ನ ವರದಿ ತೆಗೆದು, ಬಂಗಾರದ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ತಾವು ಬರೆದದ್ದನ್ನು ತೋರಿಸಿದರು. ಅಂಕ ಇರಲಿಲ್ಲ. "ಪಾಟ್ಲಿ ಬಿಡಿಸಿದಿರೇನು?" ಎಂದಿತ್ತು.

ಬಿಡಿಸಿರಲಿಲ್ಲ. ಬೇಸಿಗೆಯಲ್ಲಿ ಅಪ್ಪ ಆ ವ್ಯಾಪಾರಿಯ ಊರಿಗೆ ಹೋಗಿ ಬಂದರು. ಅಂಗಡಿ ಮುಚ್ಚಿತ್ತು. ಮುಂದಿನ ಪಾಡ್ಯಕ್ಕೆ ಹೊಸ ಖಾತೆಗೆ ಅರಿಷಿಣ-ಕುಂಕುಮ ಏರಿಸಿ, ಪೆನ್ನು ನನ್ನ ಕೈಗೆ ಕೊಟ್ಟು, "ನೀನ ಬರಿ" ಅಂದರು. ಹಿಂದಿನ ಉದ್ರಿಯನ್ನು ತರುವಾಗ ಆ ಹೆಸರನ್ನು ಬಿಟ್ಟು ಬರೆದೆ. ಅಪ್ಪ ನೋಡಿದರು, ಏನೂ ಅನ್ನಲಿಲ್ಲ. ಅವ್ವನ ಕೈಗೆ ಪಾಟ್ಲಿ ಬಂದದ್ದು ಅದರ ಮುಂದಿನ ಸುಗ್ಗಿಗೆ.

ಈಗ ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಸಣ್ಣ ವ್ಯಾಪಾರಿಗಳ ಸಾಲದ ಅರ್ಜಿ ನೋಡುತ್ತೇನೆ. ಅಮರಗೋಳ ಎಪಿಎಂಸಿಯ ದಲಾಲರು ಬಂದರೆ ಲಾಭದ ಪುಟ ಆಮೇಲೆ, ಮೊದಲು ಉದ್ರಿಯ ಪಟ್ಟಿ: ಯಾರದು ಎಷ್ಟು, ಎಷ್ಟು ದಿನದ್ದು. ಹಲವರಿಗೆ ಬೇಸರವಾಗುತ್ತದೆ. ಕೂಡಿಸಿ, ಚಹಾ ತರಿಸಿ, ಒಂದೊಂದೇ ಹೆಸರು ಕೇಳುತ್ತೇನೆ.

2011ರಲ್ಲಿ ವರದಿಗಳನ್ನು ಇ-ಮೇಲ್‌ನಲ್ಲಿ ಕಳಿಸಲು ಕಂಪನಿಗಳಿಗೆ ಸರಕಾರ ಅನುಮತಿ ಕೊಟ್ಟಿತು. ಮೇಡಂ ಮನೆಗೆ ಬರುತ್ತಿದ್ದ ಲಕೋಟೆಗಳು ಕಡಿಮೆಯಾಗುತ್ತಾ ನಿಂತವು. ನಿವೃತ್ತಿಯಾದಾಗ ಅವರು ಹಳೆಯ ವರದಿಗಳನ್ನೆಲ್ಲ ನನಗೆ ಕೊಟ್ಟರು. ಮೂರು ರಟ್ಟಿನ ಪೆಟ್ಟಿಗೆ, ಪುಟಪುಟಕ್ಕೂ ಅವರ ಪೆನ್ಸಿಲ್ ಗುರುತು. ನನ್ನ ಮನೆಯ ಅಟ್ಟದ ಮೇಲೆ ಅವು ಸುಮ್ಮನೆ ಕೂಡಬಾರದು. ನಾನು ಓದಿದ ವಿಭಾಗದ ಗ್ರಂಥಾಲಯದಲ್ಲಿ ಒಂದು ಕಪಾಟು ತೆರವು ಮಾಡಿಕೊಟ್ಟರೆ ಯಾವ ಭಾನುವಾರವಾದರೂ ತಂದು ಜೋಡಿಸಿಕೊಡುತ್ತೇನೆ. ರಬ್ಬರ್ ಬ್ಯಾಂಡ್‌ಗಳು ಒಣಗಿ ಹರಿದಿವೆ, ಹೊಸವನ್ನು ತಂದಿಟ್ಟುಕೊಂಡಿದ್ದೇನೆ.